ಎಷ್ಟು ದೂರ ಕೂರುತ್ತೀರಿ?

"ಇಷ್ಟು ಟಿವಿ ಇದ್ದೂ ಈ ಮನುಷ್ಯನ ಕಣ್ಣಿಗೆ ಒಂದೂ ಬೀಳಲ್ವಾ?"

ಅಂಗಡಿಯಲ್ಲಿ ಟಿವಿ ಮಾರುವ ಹುಡುಗಿ ತನ್ನಷ್ಟಕ್ಕೇ ಗೊಣಗಿದಳು. ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಸಲ ರೆಕ್ಕೆ ಬಿಚ್ಚಿತು. ಅವಳು ಅಳತೆಯ ಟೇಪನ್ನು ರಪ್ಪನೆ ಸುತ್ತಿಕೊಳ್ಳಲು ಬಿಟ್ಟಳು. ಗಾಜಿನ ಬಾಗಿಲಾಚೆ ಕನ್ನಡಕದಂಗಡಿಯವನು ಕಾಲೊರೆಸಿಕೊಳ್ಳುತ್ತಿದ್ದ. ಈ ಶನಿವಾರವೂ ಬಂದಿದ್ದ.

"4ಕೆ ಬೇಕಾ, ಫುಲ್ ಎಚ್‌ಡಿ ಸಾಕಾ? ಇನ್ನೊಂದು ಸಲ ಹೇಳ್ತೀರಾ?" ಎಂದ ಒಳಗೆ ಬಂದವನೇ.

"ಹತ್ತಿರ ಕೂತ್ರೆ ವ್ಯತ್ಯಾಸ ಕಾಣತ್ತೆ. ದೂರ ಕೂತ್ರೆ ಎರಡೂ ಒಂದೇ. ಇದನ್ನ ನಾನು ನಿದ್ದೇಲೂ ಪದ್ಯದ ಹಾಗೆ ಹೇಳ್ತೀನಂತೆ. ಅಮ್ಮ ಬೈತಾಳೆ."

ಅವನು ನಕ್ಕ. ಅವನ ನಗು ತುಟಿಗೆ ಬರುವ ಮೊದಲು ಕನ್ನಡಕದ ಹಿಂದೆ ಬೆಳಕಾಗುತ್ತಿತ್ತು. ಅದನ್ನು ನೋಡಬಾರದೆಂದು ಅವಳು ಗಿಳಿಯನ್ನು ನೋಡಿದಳು.

ಆ ಅಂಗಡಿಯಲ್ಲಿ ಅವಳದೇ ಒಂದು ಪದ್ಧತಿ. ಮನೆಯಲ್ಲಿ ಗಿರಾಕಿ ಟಿವಿಯಿಂದ ಎಷ್ಟು ದೂರ ಕೂರುತ್ತಾನೋ ಅಷ್ಟೇ ದೂರಕ್ಕೆ ಕುರ್ಚಿ ಎಳೆದು ಕೂರಿಸಿ, ಎರಡು ಪರದೆ ತೋರಿಸುವುದು. ಬೇರೆಯವರೆಲ್ಲ ಒಂದೇ ಸಲಕ್ಕೆ ತೀರ್ಮಾನಿಸಿಬಿಡುತ್ತಿದ್ದರು. ಇವನದು ಮಾತ್ರ ಮೊದಲು ಐದಡಿ, ಆಮೇಲೆ ಎಂಟು, ಹೋದ ಸಲ ಆರೂವರೆ.

"ಇವತ್ತೆಷ್ಟು?"

"ಹನ್ನೊಂದು."

"ನಿಮ್ಮ ಮನೆ ಏನು ರಬ್ಬರಿಂದಾ ಸ್ವಾಮಿ? ಊರವರ ಕಣ್ಣೆಲ್ಲ ಅಳೀತೀರಿ, ಒಂದು ಕೋಣೆ ಅಳೆಯೋಕೆ ಬರಲ್ವಾ?"

"ಕೋಣೆ ಅಷ್ಟೇ ಇದೆ." ಅವನು ಕನ್ನಡಕ ತೆಗೆದು ಒರೆಸತೊಡಗಿದ. "ಒಬ್ಬನೇ ಆದ್ರೆ ಕುರ್ಚಿ ಸಾಕು, ಹತ್ತಿರಾನೇ ಹಾಕ್ಕೋತೀನಿ. ಇಬ್ಬರು ಕೂರೋ ಸೋಫಾ ತಂದ್ರೆ ಹಿಂದಿನ ಗೋಡೆಗೇ ಹೋಗತ್ತೆ."

ಟೇಪಿನ ಮೇಲೆ ಅವಳ ಬೆರಳು ನಿಂತಿತು.

"ಇಬ್ಬರು ಅಂದ್ರೆ?"

ಅವನು ಬಾಯಿ ತೆರೆದ. ಗಿಳಿ ಹಾರಿಹೋಯಿತು, ಜಲಪಾತ ಬಂತು. ಜಲಪಾತವೂ ಮುಗಿಯಿತು.

"4ಕೆಗೆ ವಾರಂಟಿ ಎಷ್ಟು ವರ್ಷ?" ಎಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಹತ್ತಿರ ನಿಂತು ಇವನಿಗೆ ಕಾಣದ್ದು ಇನ್ಯಾವ ಪರದೆಯಲ್ಲಿ ಕಂಡೀತು?

"ಸೋಮವಾರದಿಂದ ನನ್ನನ್ನ ಮೇಲ್ಮಹಡಿಗೆ ಹಾಕಿದ್ದಾರೆ, ವಾಷಿಂಗ್ ಮಷಿನ್ ಕಡೆಗೆ. ಇಲ್ಲಿ ಬೇರೆಯವರಿರ್ತಾರೆ. ಅವರನ್ನ ಕೇಳ್ಕೊಳ್ಳಿ, ವರ್ಷಪೂರ್ತಿ."

ಅವನ ಮುಖದ ಬಣ್ಣವೇ ಇಳಿದುಹೋಯಿತು. ಈಗಲಾದರೂ ಹೇಳಿಯಾನು ಎಂದು ಅವಳು ಒಳಗೊಳಗೇ ದೇವರನ್ನು ನೆನೆದಳು.

"ಹಾಗಾದ್ರೆ ಇವತ್ತೇ ಬಿಲ್ ಮಾಡಿಬಿಡಿ," ಎಂದು ಅವನು ಕಾರ್ಡು ಚಾಚಿದ. "ಯಾವ ಟಿವಿ ಆದ್ರೂ ಸರಿ. ಮಾರಿದ ಲೆಕ್ಕ ನಿಮ್ಮ ಹೆಸರಿಗೇ ಬರಲಿ. ದಯವಿಟ್ಟು."

ಅವಳು ಒಂದೇ ಬೆರಳಿನಿಂದ ಕಾರ್ಡನ್ನು ಅವನತ್ತ ಹಿಂದಕ್ಕೆ ತಳ್ಳಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಇಬ್ಬರು ಯಾರು ಅಂತ ಬಾಯಿಬಿಟ್ಟು ಹೇಳೋವರೆಗೂ ನಿಮಗೆ ನಾನು ಟಿವಿ ಮಾರಲ್ಲ."