ಒತ್ತದೆ ಬಿಟ್ಟ ಬಾಣ

ಯಮಕನಮರಡಿಯ ಡೇರಿಯಲ್ಲಿ ವಿದ್ಯಾ ಏಳನೆಯ ಕ್ಯಾನಿನ ಹಾಲನ್ನು ಪರೀಕ್ಷೆಗೆ ತೆಗೆಯುತ್ತಿದ್ದಳು. ಸಾಲಿನಲ್ಲಿ ನಿಂತವರ ಕಣ್ಣೆಲ್ಲ ಅವಳ ಮುಖದ ಮೇಲೆ. ಅವಳ ಕಣ್ಣು ಮಶೀನಿನ ಮೇಲೆ.

"ಏನವಾ, ಊರ ತುಂಬ ನಿಂದ ಸುದ್ದಿ!" ಯಲ್ಲಾರಿ ಕಾಕಾ ಹಲ್ಲು ಕಿಸಿದ.

"ನಿಮ್ಮ ಹಾಲಿನ್ಯಾಗ ನೀರ ಐತಿ ಕಾಕಾ. ಸಣ್ಣಗ ಹೇಳಲ್ಯೋ, ಎಲ್ಲಾರಿಗೂ ಕೇಳೂ ಹಂಗ ಹೇಳಲ್ಯೋ?"

ಸಾಲು ನಕ್ಕಿತು. ಕಾಕಾ ಕ್ಯಾನು ಎತ್ತಿಕೊಂಡು ಹಿಂದೆ ಸರಿದ.

ಹತ್ತರಗಿಯ ಶಿವಕುಮಾರನ ಜೊತೆ ಮದುವೆ ಗೊತ್ತಾಗಿದ್ದಾಗ ಅವಳು ನಂಬಿ ಅವನೊಬ್ಬನಿಗೇ ತನ್ನದೊಂದು ಖಾಸಗಿ ಫೋಟೋ ಕಳಿಸಿದ್ದಳು. ಆಮೇಲೆ ಅವನನ್ನು ಒಲ್ಲೆ ಎಂದಳು. ಹತ್ತು ದಿನದ ಹಿಂದೆ ಅವನು ಅದನ್ನು ಊರಿಗೆಲ್ಲ ಹಂಚಿದ. ವಿದ್ಯಾ ಠಾಣೆಗೆ ಹೋಗಿ ದೂರು ಕೊಟ್ಟಳು. ಅವನು ಕಳಿಸಿದ ಮೆಸೇಜು ಯಾರ ಬಳಿಯಾದರೂ ಇದೆಯೇ ಎಂದು ಪೊಲೀಸರು ಕೇಳಿದರು. ಇರಲಿಲ್ಲ. ನೋಡಿ ನಕ್ಕವರು ಹೆದರಿ ಅಳಿಸಿದ್ದರು. ಮರುಗಿದವರೂ ಅಳಿಸಿದ್ದರು, ಅವಳ ಮರ್ಯಾದೆ ಉಳಿಯಲೆಂದು. ಇನ್ನು ಅರ್ಜಿ ವಾಪಸ್ ತಗೊಂಡು ಮೂಡಲಗಿಯ ಸೋದರತ್ತೆಯ ಮನೆ ಸೇರು ಎಂದು ಅವ್ವ ಫಕೀರವ್ವ ಬ್ಯಾಗು ತುಂಬಿಟ್ಟಿದ್ದಳು.

ಇದೆಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಮಾಲಿಂಗನ ಕಣ್ಣು. ಹಾಲನ್ನು ಗಾಡಿಯಲ್ಲಿ ಗೋಕಾಕಕ್ಕೆ ಒಯ್ಯುವ ಮಾಲಿಂಗ ವರ್ಷದಿಂದ ದಿನಾ ಕೇಳುತ್ತಿದ್ದ, "ಫ್ಯಾಟ್ ಎಷ್ಟ ಬಂತ್ರಿ?" ಮಶೀನು ನೋಡುತ್ತಲೇ ಇರಲಿಲ್ಲ, ಅವಳನ್ನೇ ನೋಡುತ್ತಿದ್ದ. ಈ ಹತ್ತು ದಿನ ಒಮ್ಮೆಯೂ ತಲೆ ಎತ್ತಿರಲಿಲ್ಲ.

ಇವತ್ತು ಸಾಲು ಕರಗಿದ ಮೇಲೆ, ತಲೆ ತಗ್ಗಿಸಿಯೇ, ಅವಳೆದುರು ಮೊಬೈಲು ಚಾಚಿದ. ಶಿವಕುಮಾರನ ಹೆಸರು. ಅದರ ಕೆಳಗೆ ಫೋಟೋ.

"ನೀವೂ ಇಟ್ಕೊಂಡೀರೇನ್ರಿ?" ಅವಳ ದನಿ ನಡುಗಲಿಲ್ಲ, ಉರಿಯಿತು.

"ಛಂದಂಗ ನೋಡ್ರಿ."

ನೋಡಿದಳು. ಬರೀ ಮಸುಕು ಬಣ್ಣ, ಯಾವುದು ಮುಖವೆಂದೂ ತಿಳಿಯದು. ನಡುವೆ ಡೌನ್‌ಲೋಡಿನ ಬಾಣ, ಒತ್ತದೆ ಬಿಟ್ಟದ್ದು. ತಾರೀಖು, ಹೊತ್ತು ಎಲ್ಲ ಇತ್ತು. ಜೊತೆಗೆ ಶಿವಕುಮಾರನದೇ ಸಾಲು: "ವಿದ್ಯಾಂದು. ಎಲ್ಲಾರಿಗೂ ಕಳಸು."

"ತಗದು ನೋಡ್ಲಿಲ್ಲ?"

"ನೀವು ಕಳಿಸಿದ್ದಲ್ಲಲ್ರಿ ಅದು. ನಾ ಯಾಕ ತೆಗೀಲಿ? ಅಳಿಸಿದ್ರ ಅವಂಗ ಚಲೋ ಆಕ್ಕಿತ್ತು ಅಂತ ಬಿಟ್ಟಿದ್ದೆ. ಪೊಲೀಸರಿಗೆ ಬೇಕಂತ ನಿನ್ನಿ ಗೊತ್ತಾತು."

"ಮತ್ತ ಇಷ್ಟ ದಿನ ತಲಿ ತಗ್ಗಿಸಿದ್ದು?"

"ನಿಮ್ಮನ್ನ ನೋಡಿದ್ರ, ಇವನೂ ಅದನ್ನ ನೋಡ್ಯಾನ ಅಂತ ತಿಳ್ಕೋತಿದ್ರಿ."

ಈಗ ತಲೆ ಎತ್ತಿದ. ಕಿವಿ ಕೆಂಪಗಾಗಿತ್ತು. ಅವಳೂ ಕಣ್ಣು ತೆಗೆಯಲಿಲ್ಲ.

"ನಾಳೆ ಠಾಣೆಗೆ ಬರ್ತೀರಿ?"

"ಸಾಕ್ಷಿ ಹೇಳಾಕ ಎಲ್ಲಿಗಂದ್ರ ಅಲ್ಲಿಗೆ ಬರ್ತೀನಿ. ಕೇಸ್ ಮುಗೀಲಿ, ಆಮ್ಯಾಲ ನಿಮಗೊಂದ ಮಾತ ಕೇಳೂದೈತಿ."

"ಕೇಸ್ ವರ್ಷಗಟ್ಲೆ ನಡೀತಾವ್ರಿ."

"ಹಾಲ ಕೆಡತಾವು. ನಾ ಕೆಡೂದಿಲ್ಲ."

ಹತ್ತು ದಿನದಲ್ಲಿ ಮೊದಲ ಸಲ ಅವಳು ನಕ್ಕಳು, ಸೆರಗಿನಲ್ಲಿ ಮುಚ್ಚಿಕೊಳ್ಳದೆ.

ಗಾಡಿ ಹೊರಟಿತು. ಅವ್ವನ ಫೋನು ಬಂತು. "ನಾಳಿ ಎಂಟಕ್ಕ ಮೂಡಲಗಿ ಬಸ್ಸೈತಿ, ನೆನಪೈತಿಲ್ಲ?"

"ನಾ ಹೋಗೂದಿಲ್ಲವ್ವಾ. ಅರ್ಜಿನೂ ವಾಪಸ್ ತಗೊಳ್ಳೂದಿಲ್ಲ. ಫೋಟೋ ನಂದು, ನಾಚಿಕಿ ಅವಂದು. ಬೇಕಾದ್ರ ಅವ ಊರ ಬಿಡ್ಲಿ."

ಅಷ್ಟು ಹೇಳಿದಳು. ಇನ್ನೊಂದನ್ನು ಹೇಳಲಿಲ್ಲ. ಕೋರ್ಟು ತಾರೀಖು ಕೊಡುತ್ತ ಹೋಗಲಿ; ತನ್ನ ಸುಖಕ್ಕೆ ಶಿವಕುಮಾರನ ಕೇಸು ಯಾಕೆ ಮುಹೂರ್ತ ಇಡಬೇಕು? ನಾಳೆ ಠಾಣೆಯ ಮೆಟ್ಟಿಲು ಇಳಿಯುವಾಗ ಮಾಲಿಂಗ ಆಮೇಲೆ ಕೇಳುತ್ತೇನೆಂದ ಆ ಮಾತನ್ನು ತಾನೇ ಮೊದಲು ಅವನಿಗೆ ಕೇಳಬೇಕು.

ವಿದ್ಯಾ ಖಾಲಿ ಕ್ಯಾನನ್ನು ನಲ್ಲಿಯ ಕೆಳಗೆ ಇಟ್ಟು ತಿಕ್ಕಿ ತೊಳೆಯತೊಡಗಿದಳು.