ಮುಚ್ಚಳ ನೋಡಿದವರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ದೂರದ ಗ್ಯಾಲಕ್ಸಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ನಾನು, ಅಂದು ಮಧ್ಯಾಹ್ನ ಟೆಲಿಸ್ಕೋಪಿನ ಮುಚ್ಚಳ ಹಾಕಿ ಬರೀ ಕತ್ತಲೆಯ ಚಿತ್ರ ತೆಗೆಯಲು ಕೂತಿದ್ದೆ. ಕ್ಯಾಮೆರಾ ತಾನಾಗಿ ಹುಟ್ಟಿಸುವ ಸುಳ್ಳು ಬೆಳಕು ಎಷ್ಟೆಂದು ಅದರಿಂದ ತಿಳಿಯುತ್ತದೆ. ರಾತ್ರಿ ತೆಗೆದ ಚಿತ್ರದಿಂದ ಅದನ್ನು ಕಳೆದರೆ ಉಳಿಯುವುದೇ ಆಕಾಶ.

ಮೇಲೆ ಮುಚ್ಚಳ ಟಕ್ ಟಕ್ ಎಂದಿತು. ಹಾಗೆ ಎರಡು ಸಲ ಬಡಿಯುತ್ತಿದ್ದವರು ನಮ್ಮ ವೀಕ್ಷಣಾಲಯದ ಮೆಕ್ಯಾನಿಕ್ ತಾತ ಒಬ್ಬರೇ. "ಕಣ್ಣನ್ನ ನಂಬ್ಬೇಡ ಮಗಾ, ಬಡಿದು ನೋಡು," ಅನ್ನುತ್ತಿದ್ದರು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಬಾಗಿಲಿಗೆ ಒಳಗಿನಿಂದ ನಾನೇ ಚಿಲಕ ಹಾಕಿದ್ದೆ.

ಏಣಿ ಹತ್ತಿ ನೋಡಿದೆ. ಮುಚ್ಚಳ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಅಲ್ಲಿ ಸೋರಿದ ಬೆಳಕನ್ನೂ ಸೇರಿಸಿ ಕಳೆದಿದ್ದರೆ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. ಚಳಿಗೆ ಕೊರೆಯುತ್ತಿದ್ದ ಮುಚ್ಚಳದ ತಗಡಿನಲ್ಲಿ ಒಂದು ಅಂಗೈಯಗಲ ಮಾತ್ರ ಬೆಚ್ಚಗಿತ್ತು.

"ಬದುಕಿಸಿದ್ರಿ ತಾತ," ಅಂದೆ. ಮುಚ್ಚಳವನ್ನು ಒತ್ತಿ ಭದ್ರವಾಗಿ ಕೂರಿಸಿದೆ.

ಕೆಳಗಿಳಿದು ದಿನದ ಪುಸ್ತಕ ತೆರೆದೆ. 'ಮುಚ್ಚಳ ನೋಡಿದವರು' ಎಂಬಲ್ಲಿ ಅಂದಿನ ತಾರೀಖಿಗೆ ತಾತನ ಸಹಿ ಇತ್ತು. ಅದರ ಕೆಳಗೆ, ಇನ್ನೂ ಬಾರದ ತಾರೀಖುಗಳ ಖಾಲಿ ಸಾಲುಗಳಲ್ಲೂ ಇತ್ತು, ನಾನು ಥೀಸಿಸ್ ಒಪ್ಪಿಸಬೇಕಾದ ದಿನದವರೆಗೆ.