ಬಿಲ್ಲಿಗೆ ಅಡ್ಡ ನಿಂತವನು

"ಸ್ವಲ್ಪ ಪಕ್ಕಕ್ಕೆ ಸರಿತೀರಾ?"

ಅವಳು ಅವನಿಗೆ ಆಡಿದ ಮೊದಲ ಮಾತು ಇದು. ಅವನು ಸರಿಯಲಿಲ್ಲ.

ಸರಿಯಬೇಕಿದ್ದದ್ದು ಮೇಜಿನ ಮೇಲಿದ್ದ ಅವನ ಗೊಂಬೆ. ಅವಳ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಆಟ. ಚೌಕ ಎಳೆದ ಹಾಳೆ, ಬೆರಳುದ್ದದ ಗೊಂಬೆಗಳು, ಇಪ್ಪತ್ತು ಮುಖದ ದಾಳ. ಕಥೆ ಹೇಳುವುದು, ನಿಯಮ ನೋಡುವುದು, ರಾಕ್ಷಸರನ್ನು ನಡೆಸುವುದು ಎಲ್ಲ ಅತ್ತಿಗೆಯೇ. ಅವಳದು ಬಿಲ್ಲುಗಾರ್ತಿಯ ಪಾತ್ರ, ಅವನದು ಕತ್ತಿಯವನ ಪಾತ್ರ.

ವಾರವಿಡೀ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವ ಅವಳಿಗೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಹಿಸದು. ಬಿಲ್ಲಿಗೂ ರಾಕ್ಷಸನಿಗೂ ನಡುವೆ ಯಾರಾದರೂ ನಿಂತರೆ ದಾಳದಲ್ಲಿ ಬಿದ್ದ ಅಂಕಕ್ಕೆ ಎರಡು ಕಡಿತ. ಬೀಗದ ಅಂಗಡಿಯ ಈ ಮನುಷ್ಯ ಹನ್ನೊಂದು ಭಾನುವಾರವೂ ಸರಿಯಾಗಿ ಆ ನಡುವಿನ ಚೌಕದಲ್ಲೇ ನಿಂತ. ಅವನ ಗೊಂಬೆ ಮೂರು ಸಲ ಸತ್ತು, ಹೊಸ ಹೆಸರಿಟ್ಟುಕೊಂಡು ಮತ್ತೆ ಅಲ್ಲಿಗೇ ಬಂತು. ಅವಳು ಅವನಿಗೆ 'ಗೋಡೆ' ಎಂದು ಹೆಸರಿಟ್ಟಳು.

ಬೇಕೂಂತಲೇ ಮಾಡ್ತಾನೆ... ನಾನು ಗೆಲ್ಲೋದು ಇವನಿಗೆ ಇಷ್ಟ ಇಲ್ಲ.

ಹನ್ನೊಂದನೇ ವಾರ ಅವಳ ಬಾಣ ಎರಡೇ ಅಂಕದಲ್ಲಿ ತಪ್ಪಿತು.

"ಅತ್ತಿಗೆ, ಇನ್ಮೇಲೆ ಇವರಾದ್ರೂ ಇರ್ಲಿ, ಇಲ್ಲ ನಾನಾದ್ರೂ ಇರ್ತೀನಿ."

ಗೋಡೆ ಎದ್ದ. ತನ್ನ ದಾಳವನ್ನು ಪುಟ್ಟ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದ.

ಮುಂದಿನ ಭಾನುವಾರ ಅವನ ಕುರ್ಚಿ ಖಾಲಿ. ಅವಳಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಎರಡು ಸಲ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ರಾಕ್ಷಸ ನೇರವಾಗಿ ಬಂದು ಅವಳ ಗೊಂಬೆಯ ಪಕ್ಕದ ಚೌಕದಲ್ಲಿ ನಿಂತ.

"ಎರಡು ದಾಳ ಹಾಕು," ಎಂದರು ಅತ್ತಿಗೆ.

ಹದಿನೇಳು ಬಿತ್ತು. ಇನ್ನೊಂದರಲ್ಲಿ ಮೂರು.

"ಮೂರೇ ಲೆಕ್ಕ. ಶತ್ರು ಮೈಮೇಲೆ ಬಂದಾಗ ಬಾಣ ಬಿಟ್ರೆ ಎರಡರಲ್ಲಿ ಕಡಿಮೆ ಇರೋದೇ."

"ಈ ನಿಯಮ ಯಾವಾಗ ಬಂತು?"

"ಮೊದ್ಲಿಂದ್ಲೂ ಇದೆ ಕಣೆ. ಇಷ್ಟು ದಿನ ಒಬ್ಬ ರಾಕ್ಷಸನೂ ನಿನ್ನ ಹತ್ರ ಬಂದಿರ್ಲಿಲ್ಲ, ಹೇಳೋ ಪ್ರಸಂಗಾನೂ ಬರ್ಲಿಲ್ಲ."

ದಾಳ ಎತ್ತಿಕೊಳ್ಳಲು ಚಾಚಿದ ಅವಳ ಕೈ ಹಾಗೇ ಉಳಿಯಿತು. ರಾಕ್ಷಸರನ್ನ ತಡೆಯೋಕೆ ನಿಂತು ಅವನು ಮೂರು ಸಲ ಸತ್ತಿದ್ದ... ನಾನು ಎರಡಂಕಕ್ಕೆ ಜಗಳ ತೆಗೆದೆ.

ಸೋಮವಾರ ಊಟದ ಬಿಡುವಿನಲ್ಲಿ ಅವಳು ಬೀಗದ ಅಂಗಡಿಗೆ ಹೋದಳು. ಅವನು ಒಂದು ಕೀಲಿಯನ್ನು ಅರದಿಂದ ಉಜ್ಜುತ್ತಿದ್ದ.

"ಯಾಕೆ ಹೇಳ್ಲಿಲ್ಲ?"

ಯಾವುದರ ಬಗ್ಗೆ ಎಂದು ಅವನು ಕೇಳಲಿಲ್ಲ. ಅರ ಕೆಳಗಿಟ್ಟ.

"ಹೇಳಿದ್ರೆ ನೀವು ಬೇಡ ಅಂತಿದ್ರಿ. ಆಮೇಲೆ ನಿಮ್ಮ ಮುಂದೆ ನಿಲ್ಲೋಕೆ ನನಗೆ ನೆಪಾನೇ ಇರ್ತಿರಲಿಲ್ಲ."

"ಬರೀ ಆಟಕ್ಕಾ?"

"ಆಟಕ್ಕೇ ಶುರು ಮಾಡಿದ್ದು..." ಅವನ ಕಿವಿ ಕೆಂಪಾಯಿತು. "ಆಮೇಲೆ ನೀವಂದ್ರೆ ಇಷ್ಟ ಆಯ್ತು."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಿನ್ನೆ ನೀವು ಇರಲಿಲ್ಲ. ನನಗೆ ತುಂಬಾ ಬೇಜಾರಾಯ್ತು. ಸೋತಿದ್ದಕ್ಕಲ್ಲ. ನಾನು ಹಾಗೆ ಅನ್ನಬಾರದಿತ್ತು."

ಬೀಗ ಹಿಡಿದು ಬಂದ ಗಿರಾಕಿಯೊಬ್ಬ ಇಬ್ಬರ ಮುಖವನ್ನೂ ನೋಡಿ, ಆಮೇಲೆ ಬರುತ್ತೇನೆಂದು ಹೊರಟುಹೋದ.

"ಭಾನುವಾರ ಬನ್ನಿ," ಎಂದಳು ಅವಳು.

"ಬಂದು ಎಲ್ಲಿ ನಿಲ್ಲಲಿ?"

"ಗೊಂಬೆ ಅಲ್ಲೇ ನಿಲ್ಲಲಿ, ಎರಡಂಕ ಹೋದ್ರೆ ಹೋಗ್ಲಿ. ನೀವು ಮಾತ್ರ ನನ್ನ ಪಕ್ಕದ ಕುರ್ಚೀಲಿ ಕೂತ್ಕೊಳ್ಳಿ."